ನಾಯಿ ಜಾಡು ಹಿಡಿಯುತ್ತಿಲ್ಲವೇ? ತಳಿಯನ್ನು ದೂರುವ ಮೊದಲು ಇಷ್ಟು ನೋಡಿ

ಬೊಳ್ಳಿ ನಮ್ಮ ಮನೆಯಲ್ಲೇ ಹುಟ್ಟಿದ ಹೆಣ್ಣು ನಾಯಿ. ಅಜ್ಜನ ಕಾಲದ ಬೇಟೆ ನಾಯಿಗಳ ಸಾಲಿಗೆ ಬೀಗಲ್ ಸೇರಿ ಬಂದ ತಳಿ. ಅದಕ್ಕೆ ನಾಲ್ಕು ವರ್ಷ ಆಗಿದ್ದಾಗ ಒಂದು ವಾರ ಜಾಡು ಹಿಡಿಯುವುದನ್ನೇ ಬಿಟ್ಟಿತು. ಗೇಟಿನಿಂದ ಕಣದವರೆಗೆ ನಾನೇ ನಡೆದು ಹಾಕಿದ ಜಾಡು ಕೂಡ ಅದಕ್ಕೆ ಸಿಗಲಿಲ್ಲ. ಅದರ ಐದು ಮರಿಗಳನ್ನು ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಮಾಡಿದ್ದೆ. ಎರಡು ಮಾತ್ರ ಪರವಾಗಿಲ್ಲ ಅನ್ನಿಸಿತ್ತು. ತಾಯಿಯದು, ಮರಿಗಳದು ಎರಡನ್ನೂ ಕೂಡಿಸಿ ನೋಡಿ, ಈ ತಳಿಯಲ್ಲಿ ಮೂಗು ಸತ್ತಿದೆ ಎಂದು ತೀರ್ಮಾನ ಮಾಡಿದೆ. ಮುಂದಿನ ತಿಂಗಳು ಬೊಳ್ಳಿಗೆ ಮರಿ ಆಗದಂತೆ ಆಪರೇಷನ್ ಮಾಡಿಸಿದೆ.

ಆ ವಾರ ಬೊಳ್ಳಿಗೆ ಭೇದಿ ಆಗಿತ್ತು. ಮಾತ್ರೆ ಕೊಡುತ್ತಿದ್ದೆ. ಆ ಮಾತ್ರೆಯೇ ಮೂಗನ್ನು ಮಂಕು ಮಾಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಮರಿಗಳನ್ನು ಪರೀಕ್ಷೆ ಮಾಡಿದ್ದು ಮಧ್ಯಾಹ್ನದ ಒಂದು ಗಂಟೆಗೆ, ಕಾಫಿ ಹೂವು ತೋಟದ ತುಂಬ ಘಮ್ಮೆನ್ನುತ್ತಿದ್ದ ದಿನ. ಬೊಳ್ಳಿ ಆಮೇಲೆ ಆರು ವರ್ಷ ಬದುಕಿತು. ಅಷ್ಟೂ ವರ್ಷ ಅದರ ಮೂಗು ಚೆನ್ನಾಗಿತ್ತು. ಅದರ ಮರಿ ಮಾತ್ರ ಮತ್ತೆ ಸಿಗಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಳಗಿರುವುದು ನಾನು ಈಗ ಪಾಲಿಸುವ ಕ್ರಮ. ಮೊದಲು ನಾಯಿಯ ಮೈ, ಆಮೇಲೆ ಹೊತ್ತು ಮತ್ತು ಗಾಳಿ, ಆಮೇಲೆ ಹಗ್ಗ ಹಿಡಿದವರು, ಎಲ್ಲಕ್ಕಿಂತ ಕೊನೆಗೆ ತಳಿ. ತಳಿಯ ವಿಷಯದಲ್ಲಿ ಒಮ್ಮೆ ತಪ್ಪಿದರೆ ತಿದ್ದಿಕೊಳ್ಳುವುದಕ್ಕೆ ಆಗುವುದಿಲ್ಲ. ಉಳಿದದ್ದನ್ನು ತಿದ್ದಿಕೊಳ್ಳಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಬೇಟೆಗೆ ಕಲಿಸುವ ಬರಹ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾಯಿ ಕಟ್ಟಿಕೊಂಡು ಕಾಡಿಗೆ ಹೋಗಿ ಹಂದಿ ಹೊಡೆಯುವ ಕಾಲ ಮುಗಿಯಿತು. ಆದರೆ ಆ ಮೂಗಿನ ಕೆಲಸ ಮುಗಿದಿಲ್ಲ. ಸಂಜೆ ಮನೆಗೆ ಬಾರದ ಹಸು, ತೋಟದ ಕೆಲಸದವರ ಲೈನ್ ಮನೆಯಿಂದ ದಾರಿ ತಪ್ಪಿದ ಮಗು, ಕಣದಿಂದ ರಾತ್ರಿ ಕಾಣೆಯಾದ ಮೆಣಸಿನ ಮೂಟೆ, ಇವಕ್ಕೆಲ್ಲ ಈಗಲೂ ಜಾಡು ಹಿಡಿಯುವ ನಾಯಿ ಬೇಕು. 2008ರಿಂದ, ವನ್ಯಜೀವಿಗಳ ಕಳ್ಳ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ (TRAFFIC) ಎಂಬ ಸಂಸ್ಥೆ ನಮ್ಮ ದೇಶದ ಅರಣ್ಯ ಇಲಾಖೆಗಳಿಗೆ ನಾಯಿಗಳನ್ನು ತರಬೇತಿ ಮಾಡಿಸಿ ಕೊಡುತ್ತಿದೆ. ಹಿಂದೆ ಪ್ರಾಣಿಯ ಹಿಂದೆ ಓಡಿದ ಮೂಗು ಈಗ ಕಳ್ಳಬೇಟೆಯವರ ಹಿಂದೆ ಓಡುತ್ತಿದೆ. ನನಗೆ ಇದು ಬಹಳ ಸಂತೋಷದ ವಿಷಯ.

ಮೊದಲು ಕರಟದ ಪರೀಕ್ಷೆ

ನಾಯಿ ಜಾಡು ಬಿಟ್ಟಿತು ಅಂದರೆ ಮೂಗು ಹೋಯಿತು ಅಂತಲ್ಲ. ವಾಸನೆ ಬರುತ್ತಿದ್ದರೂ ಮನಸ್ಸಿಲ್ಲದೆ ಬಿಡಬಹುದು. ಮನಸ್ಸಿದ್ದರೂ ಏನು ಮಾಡಬೇಕು ಎಂದು ತಿಳಿಯದೆ ಬಿಡಬಹುದು. ಇವನ್ನು ಬೇರೆ ಬೇರೆ ಮಾಡಿ ನೋಡುವುದಕ್ಕೆ ಮೂರು ತೆಂಗಿನ ಕರಟ ಸಾಕು.

ಒಂದೇ ಅಳತೆಯ ಮೂರು ಕರಟ ತೆಗೆದುಕೊಳ್ಳಿ. ಮೇಲೆ ಸಣ್ಣ ತೂತು ಇರಲಿ. ಮಗುಚಿ ಇಡಿ, ನಡುವೆ ಒಂದೊಂದು ಮಾರು ಜಾಗ ಬಿಡಿ. ಒಂದರ ಅಡಿ ಮಾಂಸದ ಚೂರು. ಮಾಂಸ ಇಟ್ಟ ಕರಟಕ್ಕೆ ಗುರುತು ಹಾಕಿ. ಅದನ್ನು ಮತ್ತೆ ಖಾಲಿ ಕರಟವಾಗಿ ಬಳಸಬೇಡಿ, ವಾಸನೆ ಉಳಿದಿರುತ್ತದೆ. ಗುರುತು ನಾಯಿ ಹಿಡಿದವರಿಗೆ ಕಾಣದಂತೆ ಒಳಗಡೆ ಇರಲಿ. ಇಡುವಾಗ ಮೂರನ್ನೂ ಅದೇ ಕೈಯಿಂದ ಮುಟ್ಟಬೇಕು. ಇಲ್ಲದಿದ್ದರೆ ನಾಯಿ ಮಾಂಸ ಬಿಟ್ಟು ಕೈಯ ವಾಸನೆ ಹುಡುಕುತ್ತದೆ.

ಬಹಳ ಮುಖ್ಯವಾದದ್ದು ಇದು: ಮಾಂಸ ಎಲ್ಲಿದೆ ಎಂದು ನಾಯಿ ಹಿಡಿದವರಿಗೆ ಗೊತ್ತಿರಬಾರದು. ಬೇರೆಯವರು ಇಟ್ಟು ಮರೆಗೆ ಹೋಗಬೇಕು. ನಾಯಿ ನಮ್ಮ ಮುಖ, ಭುಜ, ಕಾಲಿನ ತಿರುವು ಎಲ್ಲವನ್ನೂ ಓದುತ್ತದೆ. ನಮಗೆ ಗೊತ್ತಿದ್ದರೆ ಅದಕ್ಕೂ ಗೊತ್ತಾದಂತೆಯೇ. ಮೂಗಿಲ್ಲದ ನಾಯಿ ಕೂಡ ಹೀಗೆ ಪಾಸಾಗಿಬಿಡುತ್ತದೆ.

ಹತ್ತು ಸಲ ಮಾಡಿ. ಸುಮ್ನೆ ಅದೃಷ್ಟದಿಂದ ಮೂರೋ ನಾಲ್ಕೋ ಸರಿಯಾಗುತ್ತವೆ. ಎಂಟು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೂಗು ಕೆಲಸ ಮಾಡುತ್ತಿದೆ, ದೋಷ ಬೇರೆ ಕಡೆ ಹುಡುಕಿ. ಮೂರು ನಾಲ್ಕರಲ್ಲೇ ನಿಂತರೆ, ನಾಯಿ ಆಸೆಯಿಂದ ಹುಡುಕುತ್ತಿದೆಯೇ ನೋಡಿ. ಆಸೆ ಇದ್ದೂ ಸಿಗದಿದ್ದರೆ ಮೂಗನ್ನೇ ನೋಡಬೇಕು. ಆಸೆಯೇ ಇಲ್ಲದಿದ್ದರೆ ಜ್ವರ ನೋಡಿ. ನಾಯಿಯ ಸಾಮಾನ್ಯ ಮೈ ಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗೆ ಯಾವ ನಾಯಿಯೂ ಬಿಸಿಯಾಗಿಯೇ ಕಾಣುತ್ತದೆ, ಆದ್ದರಿಂದ ಥರ್ಮಾಮೀಟರ್ ಇಟ್ಟೇ ನೋಡಬೇಕು.

ಮೂಗಿನೊಳಗೆ

ತಣ್ಣಗಿನ ಸ್ಟೀಲ್ ತಟ್ಟೆಯನ್ನು ಮೂಗಿನ ಮುಂದೆ ಹಿಡಿಯಿರಿ. ಎರಡು ಹೊಳ್ಳೆಯಿಂದ ಎರಡು ಮಂಜಿನ ಗುರುತು ಮೂಡಬೇಕು. ಒಂದೇ ಮೂಡಿದರೆ ಒಂದು ಕಡೆ ಕಟ್ಟಿದೆ. ಹತ್ತಿಯ ಎಳೆ ಹಿಡಿದರೂ ಆಗುತ್ತದೆ, ಅಲುಗಾಡದ ಕಡೆ ಗಾಳಿ ಇಲ್ಲ.

ಒಂದೇ ಹೊಳ್ಳೆಯಿಂದ ರಕ್ತ ಅಥವಾ ಸಿಂಬಳ ಬರುತ್ತಿದ್ದರೆ ಕೊಡಗಿನಲ್ಲಿ ನಾನು ಮೊದಲು ಅನುಮಾನ ಪಡುವುದು ಜಿಗಣೆ. ಕಾಲಿಗೆ ಹತ್ತುವ ಇಂಬಳದ ಮಾತಲ್ಲ ಇದು. ತೋಡು, ಕೆರೆ, ಗದ್ದೆಯ ನೀರು ಕುಡಿಯುವಾಗ ಸಣ್ಣ ಜಿಗಣೆ ಮೂಗಿನೊಳಗೆ ಸೇರಿಕೊಳ್ಳುತ್ತದೆ. ವಾರಗಟ್ಟಲೆ ಅಲ್ಲೇ ಇದ್ದು ದೊಡ್ಡದಾಗುತ್ತದೆ. ನಾಯಿ ಸೀನುತ್ತದೆ, ತಲೆ ಕೊಡವುತ್ತದೆ, ಕಾಲಿನಿಂದ ಮೂಗು ಉಜ್ಜುತ್ತದೆ. ಜಾಡು ಹಿಡಿದು ಹತ್ತು ಹೆಜ್ಜೆ ಹೋಗಿ ನಿಲ್ಲುತ್ತದೆ. ನೋಡಿದವರು ಸೋಮಾರಿ ನಾಯಿ ಅಂದುಕೊಳ್ಳುತ್ತಾರೆ.

ಪಕ್ಕದ ತೋಟಕ್ಕೆ ಕೊಟ್ಟಿದ್ದ ನಮ್ಮ ಒಂದು ಮರಿಗೆ ಹೀಗೇ ಆಗಿತ್ತು. ಆ ಮನೆಯವರು ಮರಿಯನ್ನು ವಾಪಸ್ ತಂದು, "ಅಣ್ಣಾ, ಇದಕ್ಕೆ ಮೂಗೇ ಇಲ್ಲ, ಬೇರೆ ಕೊಡಿ" ಅಂದರು. ಅಲ್ಲೇ ಇದ್ದ ನಮ್ಮ ಮೇಸ್ತ್ರಿ ಮರಿಗೆ ಬಟ್ಟಲಲ್ಲಿ ನೀರು ಇಟ್ಟರು. ನೀರಿನ ಹತ್ತಿರ ಮೂಗು ಹೋದಾಗ ಹೊಳ್ಳೆಯಿಂದ ಕಪ್ಪಗೆ ಒಂದು ತುದಿ ಹೊರಗೆ ಬಂದು ಒಳಗೆ ಹೋಯಿತು. "ನೋಡಿ ಅಯ್ಯ, ಮೂಗು ಇದೆ, ಬಾಡಿಗೆಗೆ ಬೇರೆಯವರು ಬಂದಿದ್ದಾರೆ" ಅಂದರು. ನಾಯಿಗೆ ಸ್ವಲ್ಪ ಬಾಯಾರಿಕೆ ಆದ ಮೇಲೆ ಹೀಗೆ ತಣ್ಣೀರು ಇಟ್ಟು ಕಾದರೆ ಜಿಗಣೆ ನೀರಿನ ಕಡೆ ಚಾಚುತ್ತದೆ. ಅದನ್ನು ನೋಡಿ ಗುರುತಿಸುವುದಷ್ಟೇ ನಮ್ಮ ಕೆಲಸ. ತೆಗೆಯುವುದು ಪಶು ವೈದ್ಯರ ಕೆಲಸ. ಎಳೆದು ಕಿತ್ತರೆ ರಕ್ತ ನಿಲ್ಲುವುದಿಲ್ಲ. ಉಪ್ಪುನೀರು, ಹೊಗೆಸೊಪ್ಪಿನ ನೀರು ಮೂಗಿಗೆ ಹುಯ್ಯುವ ರೂಢಿ ಇನ್ನೂ ಇದೆ. ದಯವಿಟ್ಟು ಬೇಡ. ವಾಸನೆ ಹಿಡಿಯುವ ಪೊರೆ ಬಹಳ ನಾಜೂಕು. ಬೀಗಲ್ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 22 ಕೋಟಿ, ನಮ್ಮಲ್ಲಿ ಸುಮಾರು 50 ಲಕ್ಷ ಎಂದು ಲೆಕ್ಕ ಹೇಳುತ್ತಾರೆ. ಅಂಥ ಜಾಗಕ್ಕೆ ಹೊಗೆಸೊಪ್ಪು ಹುಯ್ಯಬಹುದೇ?

ಜಿಗಣೆ ಇಲ್ಲದಿದ್ದರೆ ಹುಲ್ಲಿನ ಮುಳ್ಳು ಸಿಕ್ಕಿರಬಹುದು. ಮೇಲಿನ ಹಲ್ಲಿನ ಬೇರು ಕೊಳೆತು ಮೂಗಿಗೆ ದಾರಿ ಆಗಿರಬಹುದು. ಬಾಯಿ ತೆರೆದು ಹಲ್ಲು ನೋಡುವುದನ್ನು ಯಾರೂ ಮಾಡುವುದಿಲ್ಲ, ಮಾಡಬೇಕು. ವಯಸ್ಸಾದ ನಾಯಿಯಲ್ಲಿ ಗಡ್ಡೆ, ಶಿಲೀಂಧ್ರ ಕೂಡ ಇರುತ್ತವೆ. ಅವು ಎಕ್ಸ್‌ರೇ ಅಥವಾ ಮೂಗಿನೊಳಗೆ ಇಳಿಸಿ ನೋಡುವ ಸ್ಕೋಪ್ ಇಲ್ಲದೆ ಗೊತ್ತಾಗುವುದಿಲ್ಲ.

ಮೂಗಿನಿಂದ ರಕ್ತ ಬಂತು, ಒಸಡು ಬೆಳ್ಳಗಾಗಿದೆ, ಊಟ ಸೇರುತ್ತಿಲ್ಲ ಅಂದರೆ ಉಣ್ಣಿ ಜ್ವರ ಇರಬಹುದು. ಉಣ್ಣಿ ಕಚ್ಚಿ ಎಷ್ಟೋ ತಿಂಗಳ ಮೇಲೂ ಅದು ಕಾಣಿಸಿಕೊಳ್ಳುತ್ತದೆ. ರಕ್ತ ಪರೀಕ್ಷೆ ಮಾಡಿಸಿ. ಎರಡೂ ಹೊಳ್ಳೆಯಿಂದ ದಪ್ಪ ಸಿಂಬಳ, ಕಣ್ಣಲ್ಲಿ ಪಿಸುರು, ಮೂಗಿನ ತುದಿ ಒಣಗಿ ಬಿರುಕು ಬಿಟ್ಟಿದ್ದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯ ಭಯ. ಇದರಿಂದ ಬದುಕಿದ ನಾಯಿಗೂ ಮೂಗು ಪೂರ್ತಿ ವಾಪಸ್ ಬಾರದಿರಬಹುದು. ಲಸಿಕೆ ಹಾಕಿಸಿದರೆ ಇದು ತಪ್ಪುತ್ತದೆ. ನಾವು ಕಾಡಿನ ಅಂಚಿನಲ್ಲಿ ಇರುವವರು. ನಮ್ಮ ನಾಯಿಯ ಡಿಸ್ಟೆಂಪರ್ ಕಾಡಿನ ಕೆನ್ನಾಯಿಗಳಿಗೂ ಹರಡುತ್ತದೆ. ಲಸಿಕೆಗೆ ಈ ಕಾರಣ ಒಂದೇ ಸಾಕು ನನಗೆ.

ಕೊಟ್ಟ ಔಷಧಿ ಬರೆದಿಟ್ಟಿದ್ದೀರಾ?

ಬೊಳ್ಳಿಗೆ ಕೊಟ್ಟ ಮಾತ್ರೆ ಮೆಟ್ರೋನಿಡಜೋಲ್. ನಾಯಿಯ ಭೇದಿಗೆ ಎಲ್ಲ ಕಡೆ ಕೊಡುವ ಔಷಧಿ. ಸ್ಫೋಟಕ ಪತ್ತೆ ಮಾಡುವ ನಾಯಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಇದನ್ನು ತೆಗೆದುಕೊಂಡ ನಾಯಿಗಳಲ್ಲಿ ಅರ್ಧದಷ್ಟಕ್ಕೆ ವಾಸನೆ ಹಿಡಿಯುವ ಶಕ್ತಿ ಕುಂದಿತ್ತು. ಮಾತ್ರೆ ನಿಲ್ಲಿಸಿದ ಹತ್ತು ದಿನದೊಳಗೆ ವಾಪಸ್ ಬಂದಿತ್ತು. ಉಣ್ಣಿ ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್‌ನಿಂದ ಅಂಥ ದೊಡ್ಡ ತೊಂದರೆ ಕಂಡಿರಲಿಲ್ಲ. ಚರ್ಮದ ತುರಿಕೆಗೆ ಕೊಡುವ ಸ್ಟಿರಾಯ್ಡ್ ಕೂಡ ಮೂಗನ್ನು ಮಂಕು ಮಾಡಬಹುದು.

ಔಷಧಿ ಬೇಡ ಅಂತ ಹೇಳುತ್ತಿಲ್ಲ. ನಾಯಿಯ ಜೀವ ಮೊದಲು. ಆದರೆ ಔಷಧಿ ನಡೆಯುವಾಗ, ಮುಗಿದ ಎರಡು ವಾರದೊಳಗೆ ಮೂಗಿನ ಪರೀಕ್ಷೆ ಮಾಡಿ ಅಂಕ ಕೊಡಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ಶುರುವಾದ ದಿನ, ಮುಗಿದ ದಿನ ಬರೆದಿಡಿ. ಅಷ್ಟು ಮಾಡಿದ್ದರೆ ಬೊಳ್ಳಿಯ ಸಾಲು ಇವತ್ತು ನನ್ನ ಹತ್ತಿರ ಇರುತ್ತಿತ್ತು.

ಹೊತ್ತು, ಗಾಳಿ, ತೋಟ

ನಾಯಿ ವಾಸನೆ ಹಿಡಿಯುವಾಗ ಸೆಕೆಂಡಿಗೆ ಐದರ ಸುಮಾರಿಗೆ ಮೂಸುತ್ತದೆ. ಬಾಯಿ ತೆರೆದು ಏದುಸಿರು ಬಿಡುವಾಗ ಹೀಗೆ ಮೂಸುವುದಕ್ಕೆ ಆಗುವುದಿಲ್ಲ. ಬಿಸಿಲಿಗೆ ದಣಿದ ನಾಯಿ, ಕೊಬ್ಬು ಬಂದ ನಾಯಿ, ವಾರವಿಡೀ ಕಟ್ಟಿಹಾಕಿ ಭಾನುವಾರ ಓಡಿಸಿದ ನಾಯಿ ಬೇಗ ಏದುಸಿರಿಗೆ ಬೀಳುತ್ತದೆ. ಅದು ಮೂಗಿನ ದೋಷ ಅಲ್ಲ, ಮೈಯ ದೋಷ. ದಿನಾ ನಡೆಸಿ. ಪರೀಕ್ಷೆಯನ್ನು ಬೆಳಗ್ಗೆ ಆರೂವರೆ ಏಳಕ್ಕೆ ಇಟ್ಟುಕೊಳ್ಳಿ. ಹೊಟ್ಟೆ ತುಂಬ ತಿನ್ನಿಸಿ ಕರೆದೊಯ್ಯಬೇಡಿ.

ನಮ್ಮ ನೆಲದ ಗಾಳಿಯನ್ನು ಮಾತ್ರ ಕೂತು ಕಲಿಯಬೇಕು. ಮೇಲೆ ತೋಟ, ಕೆಳಗೆ ಗದ್ದೆ, ಕೊಡಗಿನ ಹೆಚ್ಚಿನ ಮನೆಗಳ ಚಿತ್ರ ಇದೇ ಅಲ್ವಾ? ರಾತ್ರಿ ತಣ್ಣಗಿನ ಗಾಳಿ ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ಗದ್ದೆಯಲ್ಲಿ ನಿಲ್ಲುತ್ತದೆ. ವಾಸನೆಯೂ ಅದರ ಜೊತೆ ಇಳಿದು ಅಲ್ಲೇ ಮಡುಗಟ್ಟುತ್ತದೆ. ಬೆಳಗ್ಗೆ ನಾಯಿ ಗದ್ದೆಯ ಬದುವಿಗೆ ಬಂದು ಸುತ್ತಲು ಶುರು ಮಾಡುತ್ತದೆ. ಜಾಡು ಕಳೆದುಕೊಂಡಿತು ಅನ್ನಿಸುತ್ತದೆ. ನಿಜವಾಗಿ ಅದರ ಸುತ್ತಲೂ ಎಲ್ಲ ಕಡೆ ವಾಸನೆ ಇದೆ, ದಾರಿ ಯಾವುದು ಎಂದು ಬಿಡಿಸಿಕೊಳ್ಳುತ್ತಿದೆ. ಆಗ ಎಳೆಯಬೇಡಿ, ಹಗ್ಗ ಸಡಿಲ ಬಿಟ್ಟು ಕಾಯಿರಿ. ಬಿಸಿಲು ಬಿದ್ದ ಮೇಲೆ ಗಾಳಿ ಮೇಲಕ್ಕೆ ತಿರುಗುತ್ತದೆ. ಗಾಳಿ ಯಾವ ಕಡೆ ಎಂದು ನೋಡುವುದಕ್ಕೆ ನಾನು ಬೂರುಗದ ಹತ್ತಿಯ ಎಳೆ ಜೇಬಿನಲ್ಲಿ ಇಟ್ಟಿರುತ್ತೇನೆ. ಅಗರಬತ್ತಿಯ ಹೊಗೆ ಬೇಡ, ನಾಯಿಗೆ ಅದೇ ಒಂದು ಅಡ್ಡಿ.

ಸಣ್ಣ ಹನಿ, ಇಬ್ಬನಿ ಜಾಡಿಗೆ ಒಳ್ಳೆಯದು. ತೇವ ಇದ್ದರೆ ವಾಸನೆ ಏಳುತ್ತದೆ. ಜುಲೈ ತಿಂಗಳ ಧೋ ಮಳೆ ತೊಳೆದು ಹಾಕುತ್ತದೆ. ಆ ದಿನಗಳಲ್ಲಿ ಬಿದ್ದ ಅಂಕಕ್ಕೆ ಬೆಲೆ ಇಲ್ಲ.

ಇನ್ನು ತೋಟದ ಕೆಲಸ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂವು ಅರಳುತ್ತದಲ್ಲ, ಆ ದಿನಗಳಲ್ಲಿ ಎಳೆ ಮರಿಗಳಿಗೆ ಜಾಡು ಹಾಕಬೇಡಿ. ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಸಮಯದಲ್ಲಿ ಹುಳಿ ವಾಸನೆಯ ನೀರು ಹರಿಯುವ ಕಡೆಯೂ ಬೇಡ. ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಹೊಸತರಲ್ಲಿ, ಸುಣ್ಣ ಎರಚಿದ ಹೊಸತರಲ್ಲಿ ನಾಯಿಯನ್ನು ಆ ಬ್ಲಾಕಿಗೆ ಒಯ್ಯಬೇಡಿ. ಸುಣ್ಣದ ಪುಡಿ ಮೂಗನ್ನು ಸುಡುತ್ತದೆ. ಕಾಂಡಕೊರಕಕ್ಕೆ ಕೀಟನಾಶಕ ಹೊಡೆದ ಗಿಡಗಳ ಹತ್ತಿರವಂತೂ ನಾಯಿ ಹೋಗಲೇಬಾರದು, ಅದು ಜೀವಕ್ಕೇ ಕುತ್ತು.

ಜೊತೆಗೆ ಒಂದು ಎಚ್ಚರಿಕೆ. ಜಾಡಿನ ನಾಯಿಯನ್ನು ಉದ್ದ ಹಗ್ಗದಲ್ಲೇ ನಡೆಸಿ. ಬಿಟ್ಟ ನಾಯಿ ಆನೆ ಕಂಡರೆ ಬೊಗಳುತ್ತದೆ, ಆನೆ ಅಟ್ಟಿದಾಗ ಓಡಿ ಬರುವುದು ನಿಮ್ಮ ಹತ್ತಿರಕ್ಕೇ. ಹಿಂದೆ ಆನೆಯೂ ಬರುತ್ತದೆ.

ಹಗ್ಗ ಹಿಡಿದವರು

ಇಲ್ಲಿ ಜಾಸ್ತಿ ಹೇಳುವುದಿಲ್ಲ. ನಾಯಿ ಮತ್ತೆ ಮತ್ತೆ ನಿಮ್ಮ ಮುಖ ನೋಡುತ್ತಿದ್ದರೆ ನೀವೇ ಅದಕ್ಕೆ ದಾರಿ ಹೇಳಿಕೊಡುತ್ತಿದ್ದೀರಿ. ಜಾಡು ಹಾಕಿದವರು ಬೇರೆ, ಹಗ್ಗ ಹಿಡಿದವರು ಬೇರೆ ಆಗಲಿ. ತಪ್ಪು ದಾರಿಗೆ ಹೋದಾಗ ಗದರಿದರೆ ಮರಿ ಮೂಸುವುದನ್ನೇ ನಿಲ್ಲಿಸುತ್ತದೆ. ಮೊದಲು ಐವತ್ತು ಹೆಜ್ಜೆ, ಕಾಲು ಗಂಟೆ ಹಳೆಯ ಜಾಡು. ಅದು ಹತ್ತಕ್ಕೆ ಎಂಟು ಸಲ ಸರಿಯಾದ ಮೇಲೆ ಒಂದು ಗಂಟೆ, ಆಮೇಲೆ ಮೂರು ಗಂಟೆ. ಇದನ್ನು ಹಾರಿಸಿ ನೇರ ಮೂರು ಗಂಟೆಯ ಜಾಡಿಗೆ ಬಿಟ್ಟು ನಾಯಿಯನ್ನು ದೂರುವವರೇ ಹೆಚ್ಚು.

ಇನ್ನು ತಳಿ

ಮೈ ಸರಿ ಇದೆ, ಹೊತ್ತು ಸರಿ ಇದೆ, ಕಲಿಸಿದ್ದೂ ಸರಿ ಇದೆ. ಆದರೂ ಮರಿಗಳು ಜಾಡು ಹಿಡಿಯುತ್ತಿಲ್ಲ. ಈಗ ತಳಿಯ ಮಾತಿಗೆ ಬರೋಣ.

ಇಲ್ಲಿಯೂ ಒಂದು ಅಡ್ಡದಾರಿ ಇದೆ. ಒಂದೇ ಮನೆಯಲ್ಲಿ ಬೆಳೆದ ಎಲ್ಲ ಮರಿಗಳೂ ಮಂಕಾಗಿದ್ದರೆ ದೋಷ ರಕ್ತದಲ್ಲೂ ಇರಬಹುದು, ಸಾಕಿದ ರೀತಿಯಲ್ಲೂ ಇರಬಹುದು. ಮರಿ ಹುಟ್ಟುವಾಗ ಕಣ್ಣು ಮುಚ್ಚಿರುತ್ತದೆ, ಕಿವಿಯೂ ಕೇಳಿಸುವುದಿಲ್ಲ. ಕಣ್ಣು ಬಿಡುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ. ಅಲ್ಲಿಯವರೆಗೆ ತಾಯಿಯ ಮೊಲೆ ಹುಡುಕುವುದು ಮೂಗಿನಿಂದ ಮತ್ತು ಮೈಯ ಬಿಸಿಯಿಂದ. ಅಂಥ ಮರಿಗಳನ್ನು ದಿನಾ ಫಿನಾಯಿಲ್ ಹಾಕಿ ಒರೆಸಿದ ಸಿಮೆಂಟ್ ನೆಲದ ಮೇಲೆ ಬಿಟ್ಟರೆ ಅವು ಲೋಕವೆಲ್ಲ ಫಿನಾಯಿಲ್ ಎಂದೇ ತಿಳಿಯುತ್ತವೆ. ಬಿಸಿನೀರು, ಬಿಸಿಲು, ಒಣ ಗೋಣಿಚೀಲ ಸಾಕು. ಒಲೆಯ ಹೊಗೆ ತುಂಬುವ ಮೂಲೆಯೂ ಬೇಡ. ಮೂರು ವಾರದಿಂದ ಹನ್ನೆರಡು ವಾರದವರೆಗೆ ಮರಿ ಬಹಳ ಬೇಗ ಕಲಿಯುತ್ತದೆ. ಆ ಹೊತ್ತಿನಲ್ಲಿ ಮಣ್ಣು, ತರಗೆಲೆ, ಹಸುವಿನ ಕೊಟ್ಟಿಗೆ, ಬೇರೆ ಬೇರೆ ಜನರ ಕೈ, ಎಲ್ಲದರ ವಾಸನೆ ಸಿಗಲಿ.

ತಳಿ ಮತ್ತು ಸಾಕಣೆ ಎರಡನ್ನೂ ಬೇರೆ ಮಾಡುವ ದಾರಿ ಒಂದೇ. ಮರಿಗಳು ಬೇರೆ ಬೇರೆ ಮನೆಗೆ ಹೋಗಿರಬೇಕು, ಹೋದ ಕಡೆಯೂ ನೀವು ಅದೇ ಕರಟ, ಅದೇ ಐವತ್ತು ಹೆಜ್ಜೆಯ ಪರೀಕ್ಷೆ ಮಾಡಬೇಕು. ಬೇರೆ ಬೇರೆ ಮನೆಯಲ್ಲಿ ಬೆಳೆದೂ ಒಡಹುಟ್ಟಿದವು ಒಂದೇ ಥರ ಸೋತರೆ ಆಗ ರಕ್ತದ ಮೇಲೆ ಅನುಮಾನ ಪಡಿ. ಗಂಡು ನಾಯಿಯ ದೋಷ ಎನ್ನಬೇಕಾದರೆ ಅದರ ಮರಿಗಳನ್ನು ಕಡಿಮೆ ಅಂದರೆ ಎರಡು ಬೇರೆ ಹೆಣ್ಣುಗಳಲ್ಲಿ ನೋಡಬೇಕು. ಎರಡು ಸೂಲಿನಲ್ಲೂ ಮಂಕು ಮರಿಗಳೇ ಹೆಚ್ಚಾದರೆ ಆ ಗಂಡನ್ನು ಬಿಡಿ. ಒಂದರಲ್ಲಿ ಮಾತ್ರ ಆದರೆ ಆ ಜೋಡಿಯನ್ನು ಬಿಡಿ, ಗಂಡನ್ನು ಉಳಿಸಿಕೊಳ್ಳಿ.

ಜಾಡು ಹಿಡಿಯುವ ಗುಣಕ್ಕೆ ಒಂದೇ ಜೀನ್ ಅಂತ ಇಲ್ಲ. ವಾಸನೆ ಗ್ರಹಿಸುವ ಜೀನ್‌ಗಳ ದೊಡ್ಡ ಗುಂಪನ್ನು 1991ರಲ್ಲಿ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ತೋರಿಸಿದರು, 2004ರಲ್ಲಿ ಅದಕ್ಕೆ ನೊಬೆಲ್ ಬಂತು. ನಾಯಿಯಲ್ಲಿ ಅಂಥವು ನೂರಾರು ಇವೆ. ಅವುಗಳ ಮೇಲೆ ಛಲ, ತಾಳ್ಮೆ, ತಲೆ ತಗ್ಗಿಸಿ ನಡೆಯುವ ಸ್ವಭಾವ ಸೇರಬೇಕು. ಆದ್ದರಿಂದ ಎರಡು ಒಳ್ಳೆಯ ನಾಯಿ ಸೇರಿಸಿದರೂ ಎಲ್ಲ ಮರಿಯೂ ಒಳ್ಳೆಯದಾಗುವುದಿಲ್ಲ. ಅಷ್ಟಕ್ಕೇ ತಳಿ ಕೆಟ್ಟಿತು ಎನ್ನಬಾರದು.

ನಮ್ಮ ಕಡೆ ಮುಧೋಳ ಸೇರಿಸುವ ಆಸೆ ಬಹಳ ಜನಕ್ಕೆ ಇದೆ. ಮುಧೋಳ ಒಳ್ಳೆಯ ನಾಯಿ, ನಮ್ಮ ಕರ್ನಾಟಕದ ಹೆಮ್ಮೆ. ಆದರೆ ಅದು ಕಣ್ಣಿನಿಂದ ಬೇಟೆ ಆಡಿದ ತಳಿ, ಬಯಲು ಸೀಮೆಯ ಓಟಗಾರ. ಜಾಡಿನ ಸಾಲಿಗೆ ಅದನ್ನು ಸೇರಿಸಿದರೆ ತಲೆ ಎತ್ತಿ ದೂರ ನೋಡುವ ಮರಿಗಳು ಬರುತ್ತವೆ. ಜಾಡಿಗೆ ತಲೆ ಕೆಳಗೆ ಇರಬೇಕು. ಕಾಫಿ ಗಿಡಗಳ ಅಡಿಯಲ್ಲಿ ಹತ್ತು ಮಾರು ಆಚೆಗೆ ಕಣ್ಣಿಗೆ ಏನು ಕಾಣುತ್ತದೆ?

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 949-50ರ ಒಂದು ಶಾಸನ ಇತ್ತು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ರಾಜ ಮೆಚ್ಚಿ ಏನು ಬೇಕು ಕೇಳು ಎಂದಾಗ ಮಣಲೇರ ಎಂಬ ವೀರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯ ಜೊತೆ ಕಾದಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ನಾನು ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ನಮ್ಮವರು ನಾಯಿಯನ್ನು ಎಷ್ಟು ಪ್ರೀತಿಸಿದ್ದರು ಎಂದು ಮನಸ್ಸು ತುಂಬಿತು. ಆದರೆ ಹೊಗಳಿಕೆ ಧೈರ್ಯಕ್ಕೆ. ನಮ್ಮಲ್ಲಿ ಇವತ್ತಿಗೂ ಗಂಡು ನಾಯಿ ಆರಿಸುವಾಗ ಅದೇ ನೋಡುತ್ತಾರೆ: ಎಷ್ಟು ಜೋರು, ಎಷ್ಟು ಕಚ್ಚುತ್ತದೆ. ಮೂಗನ್ನು ಯಾರೂ ಅಳೆಯುವುದಿಲ್ಲ. ಅಳೆಯದ ಗುಣ ಮೂರು ನಾಲ್ಕು ತಲೆಮಾರಿನಲ್ಲಿ ಸದ್ದಿಲ್ಲದೆ ಕರಗುತ್ತದೆ.

ಇನ್ನೊಂದು ದೋಷ ಹತ್ತಿರದ ಸಂಬಂಧ. ಸುತ್ತಲಿನ ಊರುಗಳಲ್ಲಿ ಒಂದು ಗಂಡು ಹೆಸರು ಮಾಡಿದರೆ ಎಲ್ಲರೂ ಅದಕ್ಕೇ ಸೇರಿಸುತ್ತಾರೆ. ಆಮೇಲೆ ಅದರ ಮಗಳಿಗೂ ಅದನ್ನೇ. ತಂದೆ ಮಗಳ ಜೋಡಿಯಲ್ಲಿ ಮರಿಯ ಒಳಸಂತಾನದ ಪ್ರಮಾಣ, ಅಂದರೆ ಹತ್ತಿರದ ರಕ್ತ ಸೇರಿದ ಮಟ್ಟ, 25 ಶೇಕಡ; ಒಂದೇ ತಂದೆಯ, ಬೇರೆ ಬೇರೆ ತಾಯಿಯ ಮಕ್ಕಳನ್ನು ಸೇರಿಸಿದರೆ 12.5. ಸಣ್ಣ ಸೂಲು, ಬೇಗ ಜ್ವರ ಹಿಡಿಯುವ ಮರಿ, ಇವು ಕಾಣಿಸಿಕೊಂಡರೆ ಹೊರಗಿನ ರಕ್ತ ತನ್ನಿ. ಹೊರಗಿನದಕ್ಕೂ ಕರಟದ ಪರೀಕ್ಷೆ ಮಾಡಿಯೇ ತನ್ನಿ. ಮೂತಿ ಉದ್ದ, ಹೊಳ್ಳೆ ಅಗಲ ಇರಲಿ. ಉದ್ದ ಕಿವಿಗೆ ಮಾತ್ರ ಮರುಳಾಗಬೇಡಿ.

ಹೆಣ್ಣಿಗೆ 18 ತಿಂಗಳು ತುಂಬದೆ ಮರಿ ಮಾಡಿಸುವಂತಿಲ್ಲ, 8 ವಾರ ಆಗದ ಮರಿ ಮಾರುವಂತಿಲ್ಲ ಎಂದು 2017ರ ನಾಯಿ ಸಾಕಣೆ ನಿಯಮಗಳು ಹೇಳುತ್ತವೆ. ಮಾರುವುದಕ್ಕಾಗಿ ತಳಿ ಮಾಡುವವರು ನೋಂದಣಿ ಮಾಡಿಸಬೇಕು. ನಾನಂತೂ ಎರಡು ವರ್ಷ ಕಾಯುತ್ತೇನೆ. ಅಷ್ಟರಲ್ಲಿ ಮೂಗು ಎಂಥದ್ದು ಎಂದು ಎರಡು ಮಳೆಗಾಲ, ಎರಡು ಬೇಸಿಗೆಯಲ್ಲಿ ನೋಡಿ ಆಗಿರುತ್ತದೆ.

ಕೊನೆಗೂ ತಳಿಯದೇ ದೋಷ ಎಂದು ಖಚಿತವಾದರೆ ಆ ನಾಯಿಗೆ ಆಪರೇಷನ್ ಮಾಡಿಸಿ, ಮನೆಯಲ್ಲಿ ಪ್ರೀತಿಯಿಂದ ಇಟ್ಟುಕೊಳ್ಳಿ. ರಸ್ತೆಗೆ ಬಿಡಬೇಡಿ.

ಬೊಳ್ಳಿಯ ಅಕ್ಕನ ಮೊಮ್ಮಗಳು ಈಗ ನನ್ನ ಹತ್ತಿರ ಇದೆ. ಎರಡು ವರ್ಷ ತುಂಬಿದೆ. ಪುಸ್ತಕದಲ್ಲಿ ಅದರ ಹೆಸರಿನ ಕೆಳಗೆ ಒಟ್ಟು ಹನ್ನೊಂದು ಪರೀಕ್ಷೆ ಬರೆದಿದ್ದೇನೆ: ದಿನ, ಗಂಟೆ, ಗಾಳಿ, ಕೊಟ್ಟ ಔಷಧಿ. ನಾಲ್ಕನೆಯದರಲ್ಲಿ ಹತ್ತಕ್ಕೆ ನಾಲ್ಕು ಬಂದಿತ್ತು. ಪಕ್ಕದಲ್ಲೇ "ಬೆಳಗ್ಗೆ ಮೇಲಿನ ಬ್ಲಾಕಿನಲ್ಲಿ ಸುಣ್ಣ ಹಾಕಿದ್ದರು" ಎಂದು ಇದೆ. ಹತ್ತು ದಿನ ಬಿಟ್ಟು ಮತ್ತೆ ಮಾಡಿದೆ. ಮೇಸ್ತ್ರಿ ಮಾಂಸ ಇಟ್ಟು ಕಣದ ಗೋಡೆಯ ಹಿಂದೆ ನಿಂತರು, ನಾನು ಬೆನ್ನು ತಿರುಗಿಸಿ ನಿಂತಿದ್ದೆ. ಹತ್ತಕ್ಕೆ ಒಂಬತ್ತು.